ಶಾಖ ಹೋಗಿ ಬೀಳುವ ಓಣಿ

ಕರಿಕಲ್ಲುಪೇಟೆ, ಕೃಷ್ಣೆಯ ಬಲದಂಡೆ
ನಡುಬೇಸಿಗೆ ತಿಂಗಳ ನಲವತ್ತೊಂದನೆಯ ದಿನ, 2187

ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿರುವ, ನಾನು ಹೆಸರರಿಯದ ಹಿರಿಯರಿಗೆ,

ನಮಸ್ಕಾರ. ಮೇಲಿನ ದಿನಾಂಕ ಕಂಡು ನೀವು ಹುಬ್ಬೇರಿಸಿರಬಹುದು. ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ಕೇಳಬಹುದು. ಬೇಸಿಗೆ ತನ್ನ ಅಕ್ಕಪಕ್ಕದ ತಿಂಗಳುಗಳನ್ನು ಒಂದೊಂದಾಗಿ ನುಂಗಿದ ಮೇಲೆ ನಮ್ಮ ಹಿಂದಿನವರು ಪಂಚಾಂಗವನ್ನೇ ಬಿಚ್ಚಿ ಮತ್ತೆ ಹೊಲಿದರು. ಹೊರಗೆ ಕೆಲಸ ಮಾಡಲಾಗದ ದಿನಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಅದಕ್ಕೆ ನಡುಬೇಸಿಗೆ ಎಂದು ಹೆಸರಿಟ್ಟರು. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಆ ಭಾಷೆಯಲ್ಲೇ ಬರೆಯಲು ಯತ್ನಿಸಿದ್ದೇನೆ. ನಿಮ್ಮಲ್ಲಿ ಇಲ್ಲದ ವಸ್ತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಪತ್ರ ಹಿಂದಿನ ಕಾಲಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ನಾನೂ ಭೌತಶಾಸ್ತ್ರದವಳೇ, ಬರಲಾರದೆಂದು ನನಗೆ ಗೊತ್ತಿದೆ. ದಣಿದವರಿಗೆ ಇನ್ನೊಬ್ಬ ದಣಿದವರೊಡನೆ ಮಾತಾಡಬೇಕೆನಿಸಿದಾಗ ನಿಯಮಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತಾರೆ, ಅಷ್ಟೇ.

ನನ್ನ ಹೆಸರು ಪಂಪಾವತಿ ಗಬ್ಬೂರ. ಕರಿಕಲ್ಲುಪೇಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ತಲೆ ಪೂರ್ತಿ ಬೆಳ್ಳಗಾಗಿದೆ. ನಮ್ಮ ವಿಷಯಕ್ಕೆ ಈಗ ಪ್ರತ್ಯೇಕ ವಿಭಾಗವಿಲ್ಲ, ಗ್ರಂಥಾಲಯದ ಪಕ್ಕದಲ್ಲಿ ಒಂದು ಕೋಣೆಯಿದೆ. ಅಲ್ಲಿ ಒಂದು ಲೋಲಕ, ಕೆಲವು ಸ್ಪ್ರಿಂಗುಗಳು, ಮಸೂರಗಳು ಮತ್ತು ನನ್ನ ಕುರ್ಚಿ. ತರಗತಿ ನಡೆಯುವುದು ಸೂರ್ಯ ಹುಟ್ಟುವ ಹೊತ್ತಿಗೆ, ಏಕೆಂದರೆ ಬಿಸಿಲೇರಿದ ಮೇಲೆ ಯಾರೂ ಹೊರಗೆ ಓಡಾಡುವುದಿಲ್ಲ. ಹುಡುಗ ಹುಡುಗಿಯರು ನಿದ್ದೆಗಣ್ಣಲ್ಲೇ ಬಂದು ಕೂರುತ್ತಾರೆ. ಪ್ರತಿಯೊಬ್ಬರ ಕಿವಿಯ ಹಿಂದೆ ಅವರೆಕಾಳಿನಷ್ಟು ದೊಡ್ಡ ಲೆಕ್ಕಿಗ ಅಂಟಿಕೊಂಡಿರುತ್ತದೆ. ಏನು ಕೇಳಿದರೂ ಕಿವಿಯಲ್ಲಿ ಉತ್ತರ ಹೇಳುವ ಯಂತ್ರ ಅದು. ತೊಲೆ ಎಷ್ಟು ದಪ್ಪವಿರಬೇಕು, ನೀರು ಯಾವ ವೇಗದಲ್ಲಿ ಹರಿಯುತ್ತದೆ, ಎಲ್ಲವನ್ನೂ ಅದು ಹೇಳುತ್ತದೆ, ತಪ್ಪುವುದಿಲ್ಲ. ಹೀಗಿರುವಾಗ ನಾನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸಮೀಕರಣ ಬಿಡಿಸುವುದನ್ನು ಅವರು ಅಜ್ಜಿ ಶ್ಯಾವಿಗೆ ಹೊಸೆಯುವುದನ್ನು ನೋಡುವಂತೆ ಪ್ರೀತಿಯಿಂದ, ಯಾವ ಅವಸರವೂ ಇಲ್ಲದೆ ನೋಡುತ್ತಾರೆ. ನಿಮ್ಮ ಕಾಲದಲ್ಲೂ ಹಿಂದಿನ ಬೆಂಚಿನಿಂದ ಆ ಪ್ರಶ್ನೆ ಬರುತ್ತಿತ್ತಂತೆ, ಇದು ನಮಗೆ ಯಾಕೆ ಬೇಕು ಎಂದು. ಅದಕ್ಕೆ ನಾನು ಹೇಳುತ್ತಿದ್ದ ಉತ್ತರವನ್ನು ವರ್ಷಗಳು ಕಳೆದಂತೆ ನಾನೇ ಗಮನವಿಟ್ಟು ಕೇಳುವುದನ್ನು ಬಿಟ್ಟಿದ್ದೆ.

ಇನ್ನು ಹಗೇವಿನ ಬಗ್ಗೆ ಹೇಳಬೇಕು, ಯಾಕೆಂದರೆ ನಡೆದದ್ದೆಲ್ಲ ಅದರ ಸುತ್ತಲೇ. ನಿಮ್ಮ ಮುತ್ತಜ್ಜಂದಿರು ಜೋಳ ಕೆಡದಿರಲೆಂದು ನೆಲದೊಳಗೆ ಕಣಜ ತೋಡಿ ಅದನ್ನು ಹಗೇವು ಎನ್ನುತ್ತಿದ್ದರು. ನಾವು ಅದೇ ಹೆಸರಿನ ಗುಂಡಿಗಳಲ್ಲಿ ಜನರನ್ನು ಇಡುತ್ತೇವೆ. ನಮ್ಮ ಊರಿನ ಹಗೇವು ಬೆಟ್ಟದ ಬುಡದಲ್ಲಿ ಕೊರೆದ ಒಂದು ದೊಡ್ಡ ಸಭಾಂಗಣ. ನಡುಬೇಸಿಗೆಯ ಮಧ್ಯಾಹ್ನಗಳನ್ನು ಊರು ಅಲ್ಲೇ ಕಳೆಯುತ್ತದೆ. ಮಕ್ಕಳ ಶಾಲೆ, ದರ್ಜಿಯ ಹೊಲಿಗೆ, ಕೋರ್ಟಿನ ವಿಚಾರಣೆ, ನಿಶ್ಚಿತಾರ್ಥದ ಮಾತುಕತೆ, ಎಲ್ಲ ಒಂದೇ ಸೂರಿನಡಿ. ಅಷ್ಟು ಜನರ ಮೈಯ ಶಾಖವೇ ಸಾಕು ಒಳಗೆ ಬೇಯಲು, ಆದ್ದರಿಂದ ದೊಡ್ಡ ಯಂತ್ರಗಳು ಹಗಲೆಲ್ಲ ಓಡಿ ಅದನ್ನು ತಂಪಾಗಿಡುತ್ತವೆ. ಎಷ್ಟು ತಂಪೆಂದರೆ ಒಳಗೆ ಕಂಬಳಿ ಹೊದ್ದು ಮಲಗುವುದು ಬೆಟ್ಟದ ಮುಂಭಾಗದ ಮೇಲಿನಪೇಟೆಯವರಲ್ಲಿ ಒಂದು ದೊಡ್ಡಸ್ತಿಕೆ. ಒಳ್ಳೆಯ ಕಂಬಳಿ ಇಲ್ಲದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವವರಿದ್ದಾರೆ. ಜಾಗ ಸಾಲದ್ದರಿಂದ ಬೆಟ್ಟದ ಹಿಂದಿನ ಕೆಳಗಿನ ಓಣಿಯವರಿಗೆ ದಿನ ಬಿಟ್ಟು ದಿನ ಪಾಳಿ. ಉಳಿದ ದಿನ ಅವರು ಮನೆಯಲ್ಲೇ ಕಿಟಕಿ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿಕೊಂಡು ಇರಬೇಕು.

ಹುಲಿಗೆಮ್ಮ ಆ ಓಣಿಯ ಹುಡುಗಿ. ನನ್ನ ವಿಷಯದಲ್ಲಿ ಎರಡು ಸಲ ನಪಾಸಾಗಿ ಮತ್ತೆ ಮೊದಲ ವರ್ಷದವರ ಜೊತೆ ಕೂತಿದ್ದಳು. ಎತ್ತರದ ಹುಡುಗಿ, ಮಾತು ನೇರ. ತಂದೆ ತಾಯಿ ಬಂದರಿನ ಕೆಲಸಕ್ಕೆಂದು ದೂರ ಹೋಗಿದ್ದರಿಂದ ಅವಳನ್ನು ಬೆಳೆಸಿದವಳು ಅಜ್ಜಿ ದ್ಯಾವಮ್ಮ. ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುತ್ತೇವೆ. ಹಗೇವಿನ ಮೆಟ್ಟಿಲು ಇಳಿಯಲಾಗದ ಮೊಣಕಾಲಿನ ಆ ಆಯಿಯನ್ನು ನೋಡಿಕೊಳ್ಳಲು ಹುಲಿಗೆಮ್ಮ ಆಗಾಗ ತರಗತಿ ತಪ್ಪಿಸುತ್ತಿದ್ದಳು. ನಾನು ಕಾರಣ ಕೇಳಿದರೆ, ಮನ್ಯಾಗ ಕೆಲಸಿತ್ರಿ ಎಂದಷ್ಟೇ ಹೇಳಿ ಕೂರುತ್ತಿದ್ದಳು.

ಈ ವರ್ಷ ನಡುಬೇಸಿಗೆ ಶುರುವಾದ ಮೊದಲ ವಾರವೇ ಶಾಖದ ಪಾಠ ನಡೆದಿತ್ತು. ನೀವೂ ಮಾಡಿರುವ ಪಾಠವೇ. ತಂಪಿನ ಜಾಗದಿಂದ ಶಾಖವನ್ನು ಎತ್ತಿ ಬಿಸಿಯ ಜಾಗಕ್ಕೆ ಸುರಿಯಬೇಕಾದರೆ ಕೆಲಸ ಮಾಡಬೇಕು. ಆ ಕೆಲಸವೂ ಕೊನೆಗೆ ಶಾಖವಾಗಿ ಸೇರುವುದರಿಂದ, ಹೊರಗೆ ಬೀಳುವುದು ಒಳಗಿಂದ ತೆಗೆದದ್ದಕ್ಕಿಂತ ಯಾವಾಗಲೂ ಹೆಚ್ಚು. ಒಳಗೆ ಹೆಚ್ಚು ತಂಪು ಬೇಕೆಂದಷ್ಟೂ ಹೊರಗಿನ ಪಾಲು ಬೆಳೆಯುತ್ತದೆ. ಚಿತ್ರ ಬರೆಯಲು ಹುಲಿಗೆಮ್ಮನನ್ನು ಕರೆದೆ. ಅವಳು ಹಗೇವಿಗೆ ಒಂದು ಚೌಕ ಹಾಕಿದಳು, ಯಂತ್ರಕ್ಕೆ ಒಂದು ವೃತ್ತ, ಅದರಿಂದ ಹೊರಗೆ ದಪ್ಪನೆಯ ಒಂದು ಬಾಣ. ಬಾಣದ ತುದಿಯಲ್ಲಿ ಸೀಮೆಸುಣ್ಣ ನಿಂತಿತು.

“ಇದು ಎಲ್ಲಿಗಿ ಹೋಗ್ತದ್ರಿ ಮೇಡಂ?”

“ಸುತ್ತಲಿನ ಪರಿಸರಕ್ಕೆ. ಪುಸ್ತಕದಲ್ಲಿದೆಯಲ್ಲ, ಬರಿ.”

ಅವಳು ಬರೆಯಲಿಲ್ಲ.

“ಸುತ್ತಲಿನ ಪರಿಸರ ಅಂತಾರಲ್ರಿ, ಅಲ್ಲಿ ನಮ್ಮ ಆಯಿ ಅದಾಳ.”

ಯಾರೋ ಒಬ್ಬರು ನಕ್ಕರು, ನಗು ಅರ್ಧಕ್ಕೆ ನಿಂತಿತು. ಹಗೇವಿನ ಧಗೆಗಂಡಿಗಳು, ಅಂದರೆ ಯಂತ್ರಗಳ ಬಿಸಿಗಾಳಿ ಹೊರಬರುವ ದೊಡ್ಡ ಬಾಯಿಗಳು, ಬೆಟ್ಟದ ಹಿಂಬದಿಗಿವೆ ಎಂಬುದು ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಆ ಬಾಣವನ್ನೂ ಆ ಬಾಯಿಗಳನ್ನೂ ಒಟ್ಟಿಗೆ ಇಟ್ಟು ನೋಡಿದವಳು ಮಾತ್ರ ಅಲ್ಲಿ ಒಬ್ಬಳೇ ಇದ್ದಳು.

ಮರುದಿನ ಸಂಜೆ ಬಿಸಿಲು ಇಳಿದ ಮೇಲೆ ನಾನು ಇಡೀ ತರಗತಿಯನ್ನು ಕೆಳಗಿನ ಓಣಿಗೆ ಕರೆದುಕೊಂಡು ಹೋದೆ. ಗ್ರಂಥಾಲಯದ ಕಪಾಟಿನಲ್ಲಿದ್ದ ಹಳೆಯ ಉಷ್ಣಮಾಪಕಗಳನ್ನು ಒರೆಸಿ ಕೈಗೊಂದರಂತೆ ಕೊಟ್ಟಿದ್ದೆ. ಮೇಲಿನಪೇಟೆಯ ಮಕ್ಕಳಲ್ಲಿ ಹೆಚ್ಚಿನವರು ಆ ಓಣಿಗೆ ಕಾಲಿಟ್ಟಿದ್ದು ಅದೇ ಮೊದಲು. ಗೋಡೆಗೆ ಉಷ್ಣಮಾಪಕ ಒತ್ತಿದ ಒಬ್ಬ ಹುಡುಗ ಅಂಕಿ ಓದಿ, ಮತ್ತೆ ಒತ್ತಿ ಓದಿ, ಉಪಕರಣ ಕೆಟ್ಟಿದೆ ಎಂದ. ಇನ್ನೊಂದು ಕೊಟ್ಟೆ. ಅದೂ ಅಷ್ಟೇ ತೋರಿಸಿತು. ದ್ಯಾವಮ್ಮ ಹಗ್ಗ ಹೆಣೆದ ಹೊರಸಿನ ಮೇಲೆ ಕೂತು ಒದ್ದೆ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದಳು. ಮೊಮ್ಮಗಳ ಕಾಲೇಜಿನವರು ಬಂದರೆಂದು ಏಳಲು ನೋಡಿದಳು, ನಾನು ಬೇಡವೆಂದು ಭುಜ ಹಿಡಿದೆ.

“ಏನು ಅಳಿತೀರವ್ವಾ ಅದ್ರಾಗ?” ಎಂದು ಕೇಳಿದಳು.

“ಗ್ವಾಡಿ ಎಷ್ಟು ಸುಡತದ ಅಂತ, ಆಯಿ,” ಎಂದಳು ಹುಲಿಗೆಮ್ಮ.

“ಅದಕ್ಕೇನು ಕಾಜಿನ ಕಡ್ಡಿ ಬೇಕೇನ? ಕೈ ಇಟ್ರ ತಿಳಿತದ. ಬೇಸಿಗಿ ಬಂತಂದ್ರ ನಾವು ಗ್ವಾಡಿಗಿ ಬೆನ್ನು ಕೊಡಂಗಿಲ್ಲ. ಮೊದಲು ಹಿಂಗಿದ್ದಿಲ್ಲ. ಒಳಗಿನವರು ತಂಪಾದಂಗ ನಮ್ಮ ಕಡಿ ಏರಕೋತ ಬಂತು.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮಕ್ಕಳು ತಮ್ಮ ತಮ್ಮ ಅಂಕಿಗಳನ್ನು ಒಂದೇ ಹಾಳೆಗೆ ಬರೆದುಕೊಂಡರು. ಹುಲಿಗೆಮ್ಮ ನನ್ನ ಪಕ್ಕ ನಡೆಯುತ್ತ ಇನ್ನೊಂದು ಸಂಗತಿ ಹೇಳಿದಳು. ಹಗೇವನ್ನು ಹಿಗ್ಗಿಸುವ ಯೋಜನೆ ಒಪ್ಪಿಗೆಗೆ ಬಂದಿತ್ತು. ಯಂತ್ರಗಳು ಇಮ್ಮಡಿಯಾಗುತ್ತವೆ, ಹೊಸ ಧಗೆಗಂಡಿಗಳೂ ಅದೇ ಬೆಟ್ಟದ ಹಿಂಬದಿಗೇ ಬಾಯಿ ತೆರೆಯುತ್ತವೆ.

ಆ ಯೋಜನೆ ಬರೆದವನು ಅಮರಯ್ಯ ತಾಳಿಕೇರಿ, ಊರಿನ ಮುಖ್ಯ ಇಂಜಿನಿಯರ್. ಅವನೂ ನನ್ನ ವಿದ್ಯಾರ್ಥಿ. ಶಾಖದ ಪಾಠದಲ್ಲಿ ಅವನಷ್ಟು ಚೊಕ್ಕವಾಗಿ ಉತ್ತರ ಬರೆದವರನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಅವನ ಕಚೇರಿಗೆ ಹೋಗುವಾಗ ನನ್ನ ಮನಸ್ಸಿನಲ್ಲಿ ಒಂದು ಸಮಾಧಾನವಿತ್ತು. ಲೆಕ್ಕಿಗಕ್ಕೆ ಯಾರೋ ಓಣಿಯ ವಿಷಯ ಕೇಳಲು ಮರೆತಿದ್ದಾರೆ, ಇವನಿಗೆ ತೋರಿಸಿಕೊಟ್ಟರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅಮರಯ್ಯ ಎದ್ದು ಬಂದು ಕಾಲು ಮುಟ್ಟಿ ನಮಸ್ಕರಿಸಿ, ಕುರ್ಚಿ ಎಳೆದು ಕೂರಿಸಿದ. ನಾನು ಹುಲಿಗೆಮ್ಮನ ಬಾಣದ ಕಥೆ ಹೇಳುವಷ್ಟೂ ಹೊತ್ತು ತಲೆ ತಗ್ಗಿಸಿ ಕೇಳಿದ.

“ನನಗ ಗೊತ್ತಿತ್ರಿ ಮೇಡಂ,” ಎಂದ. “ನೀವೇ ಕಲಿಸೀರಿ.”

ಅವನೇ ಮುಂದುವರಿದ. “ಬೆಟ್ಟದ ಮುಂದ ಬಿಟ್ರ ಮೇಲಿನಪೇಟಿ. ನದಿಗಿ ಬಿಟ್ರ ಮೀನು ಸಾಯ್ತಾವ. ಹಳೀ ಕಲ್ಲಿನ ಕ್ವಾರಿತನಕ ಕೊಳವಿ ಒಯ್ಯಬೇಕಂದ್ರ ಮಳಿಗಾಲ ಬರ್ತದ. ಅಷ್ಟರಾಗ ಇನ್ನೊಂದು ಬೇಸಿಗಿ ಹೋಗಿರ್ತದ. ಹಿಗ್ಗಿಸೋದು ಯಾರ ಸಲುವಾಗಿ? ಆ ಓಣ್ಯವ್ರಿಗೇ ದಿನಾ ಒಳಗ ಜಾಗ ಸಿಗಲಿ ಅಂತ. ಮೆಟ್ಲ ಇಳಿಲಾಕ ಆಗದವ್ರು ಎಷ್ಟು ಮಂದಿ ಇರ್ತಾರ ಹೇಳ್ರಿ.”

“ದ್ಯಾವಮ್ಮ ಒಬ್ಬಳಿದ್ದಾಳೆ,” ಎಂದೆ.

ಅವನು ಯೋಜನೆಯ ಹಾಳೆಗಳನ್ನು ಜೋಡಿಸಿಟ್ಟ. ಕೆಟ್ಟ ಮನುಷ್ಯನಲ್ಲ ಅವನು, ಇದನ್ನು ನೀವು ನಂಬಬೇಕು. ಎಲ್ಲ ಬದಿಯಿಂದಲೂ ಲೆಕ್ಕ ಹಾಕಿ, ಕಡಿಮೆ ಗದ್ದಲವೇಳುವ ಬದಿಗೆ ಬಾಣ ತಿರುಗಿಸಿದ್ದ. ನಾನು ಅಲ್ಲಿಂದ ಎದ್ದು ಬಂದೆ. ತಿಳಿಯದಿದ್ದವನಿಗೆ ತಿಳಿಸುವುದು ನನ್ನ ಕಸುಬು. ತಿಳಿದವನೆದುರು ಆ ಕಸುಬಿಗೆ ಕೆಲಸವಿಲ್ಲ. ಇಷ್ಟು ವರ್ಷ ನಾನು ಕೊಟ್ಟದ್ದು ಒಂದು ಚಾಕು, ಅದರಲ್ಲಿ ಏನು ಕೊಯ್ಯಬೇಕೆಂಬುದನ್ನು ಬೇರೆ ಯಾರೋ ಕಲಿಸುತ್ತಿದ್ದರು.

ಒಪ್ಪಿಗೆಯ ಸಭೆ ಹಗೇವಿನೊಳಗೇ ನಡೆಯಿತು. ಹುಲಿಗೆಮ್ಮ ಮಾತಾಡಲು ಅವಕಾಶ ಕೇಳಿದಳು, ಕೊಟ್ಟರು. ಅವಳು ಹಲಗೆ ತರಿಸಿ ಅದೇ ಚೌಕ, ಅದೇ ವೃತ್ತ, ಅದೇ ಬಾಣ ಬರೆದಳು. ಒಳಗಿನ ತಂಪನ್ನು ಕಂಬಳಿ ಬೇಡವೆನಿಸುವಷ್ಟು ಇಳಿಸಿದರೆ ಹೊರಗೆ ಬೀಳುವ ಶಾಖ ಎಷ್ಟು ಇಳಿಯುತ್ತದೆಂದು ತೋರಿಸಿದಳು. ಅಂಕಿಗಳನ್ನು ಅವಳ ಸಹಪಾಠಿಗಳೇ ಹಾಕಿದ್ದರು, ಲೆಕ್ಕಿಗವನ್ನು ಕೇಳದೆ. ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು, “ಅಂದ್ರ ನಮ್ಮ ಮೊಮ್ಮಕ್ಕಳು ಬೆವರಬೇಕೇನವ್ವಾ?” ಎಂದು ಕೇಳಿದರು.

“ಸ್ವಲ್ಪ ಬೆವರಬೇಕ್ರಿ ಯಜಮಾನ್ರ,” ಎಂದಳು ಅವಳು. “ನಾನು ಅದರಾಗೇ ಬೆಳದೀನಿ, ಏನೂ ಆಗಿಲ್ಲ. ಆದ್ರ ನಮ್ಮ ಓಣ್ಯಾಗಿರೋದು ಬೆವರಲ್ರಿ. ಅಲ್ಲಿ ಬೆವರೂ ನಿಲ್ತದ.”

ಸಭೆ ಅಮರಯ್ಯನ ಕಡೆ ತಿರುಗಿತು. ಹುಡುಗಿಯ ಲೆಕ್ಕ ಸರಿಯೇ ಎಂದು ಅಧ್ಯಕ್ಷರು ಕೇಳಿದರು. ಅವನು ಹಲಗೆಯ ಅಂಕಿಗಳನ್ನು ಮೇಲಿಂದ ಕೆಳಗೆ ಓದಿ, “ಸರಿ ಅದರಿ,” ಎಂದ. ಅಷ್ಟೇ ಹೇಳಿದ. ಕ್ವಾರಿಯವರೆಗೆ ಕೊಳವೆ ಹಾಕುವುದು, ಅದು ಮುಗಿಯುವ ತನಕ ಹಿಗ್ಗಿಸುವ ಕೆಲಸ ತಡೆಯುವುದು, ಈ ವಾರದಿಂದಲೇ ಒಳಗಿನ ತಂಪು ಇಳಿಸುವುದು ಎಂದು ತೀರ್ಮಾನವಾಯಿತು. ನನ್ನ ಮಕ್ಕಳು ಆ ದಿನ ಹಗೇವಿನ ಮೆಟ್ಟಿಲ ಮೇಲೆ ಕೂತು ಹುಲಿಗೆಮ್ಮನಿಗೆ ಮಂಡಕ್ಕಿ ತಿನ್ನಿಸಿದರು. ನನಗೆ ಬಹಳ ಕಾಲದ ನಂತರ ಮೈ ಹಗುರಾಗಿತ್ತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಕೆಲವು ದಿನ ಒಳಗಿನವರು ಕಂಬಳಿ ಮಡಿಸಿಟ್ಟರು, ಬೀಸಣಿಗೆ ಹಿಡಿದರು, ಗೊಣಗಿದರು. ಕೈಕೂಸುಗಳು ಅತ್ತವು. ಆಮೇಲೆ ಒಂದು ಮಧ್ಯಾಹ್ನ ಹಗೇವು ಮತ್ತೆ ತಂಪಾಗಿತ್ತು. ಯಂತ್ರದ ಕೋಣೆಯ ತಿರುಗುಗುಂಡಿಯನ್ನು ಯಾರು ಹಿಂದಕ್ಕೆ ತಿರುಗಿಸಿದರೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಂದಿರು ಮೆಲ್ಲಗೆ ಕಂಬಳಿ ಬಿಚ್ಚಿದರು. ನಾನೂ ಆ ದಿನ ಅಲ್ಲೇ ಇದ್ದೆ. ನನ್ನ ಮೈಗೆ ಹಿತವಾಯಿತು. ಮೈಗೆ ಯಾವ ನಿಯಮವೂ ತಿಳಿಯುವುದಿಲ್ಲ.

ಅದೇ ವಾರ ದ್ಯಾವಮ್ಮ ತೀರಿಕೊಂಡಳು. ಹುಲಿಗೆಮ್ಮ ನೀರಿಗೆ ಹೋಗಿ ಬರುವಷ್ಟರಲ್ಲಿ ಹೊರಸಿನ ಮೇಲೆ ಒರಗಿದ್ದಳಂತೆ, ಕುತ್ತಿಗೆಯ ಸೆರಗು ಒಣಗಿ ಗರಿಗರಿಯಾಗಿತ್ತಂತೆ. ವಯಸ್ಸಾಗಿತ್ತು ಎಂದರು. ವಯಸ್ಸಾದದ್ದು ನಿಜ. ಮಣ್ಣು ಕೊಡಲು ಹೋದವರಲ್ಲಿ ನನ್ನ ತರಗತಿಯ ಎಲ್ಲರೂ ಇದ್ದರು. ಅಮರಯ್ಯ ದೂರದಲ್ಲಿ, ಓಣಿಯ ತುದಿಯಲ್ಲಿ, ಧಗೆಗಂಡಿಯ ಗಾಳಿ ನೇರ ಬಡಿಯುವ ಜಾಗದಲ್ಲಿ ನಿಂತಿದ್ದ. ಪಕ್ಕಕ್ಕೆ ಸರಿಯಲಿಲ್ಲ.

ಕೆಲವು ದಿನಗಳ ಮೇಲೆ ಹುಲಿಗೆಮ್ಮ ತರಗತಿಗೆ ಬಂದು ತನ್ನ ಜಾಗದಲ್ಲೇ ಕೂತಳು. ನಾನು ಪುಸ್ತಕ ಮುಚ್ಚಿದೆ.

“ಇವತ್ತು ಯಾವ ಪಾಠ ಐತ್ರಿ?” ಎಂದು ಅವಳೇ ಕೇಳಿದಳು.

“ಬೆಳಕಿಂದು. ಬೇಡ ಬಿಡು, ಇವತ್ತು ಸುಮ್ಮನೆ ಕೂರೋಣ.”

“ಸುಮ್ಮ ಕುಂತ್ರ ಆಗಂಗಿಲ್ರಿ ಮೇಡಂ. ಹೇಳ್ರಿ.”

ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಬೆಳಕಿನ ಪಾಠ ಮಾಡಿದ್ದಿಲ್ಲ. ಆದರೆ ಲೆಕ್ಕಿಗಗಳನ್ನು ತೆಗೆದು ಮೇಜಿನ ಮೇಲಿಟ್ಟು ಕೇಳಿದ ತರಗತಿಯೂ ಅದೊಂದೇ. ಪಾಠ ಮುಗಿದ ಮೇಲೆ ಅವರು ತಮ್ಮಲ್ಲೇ ಪಾಳಿ ಹಾಕಿಕೊಂಡರು, ಹಗಲೆಲ್ಲ ಒಬ್ಬರಲ್ಲ ಒಬ್ಬರು ಯಂತ್ರದ ಕೋಣೆಯ ಬಾಗಿಲಲ್ಲಿ ಕೂರುವುದೆಂದು. ಬೈದವರುಂಟು. ಮೇಲಿನಪೇಟೆಯ ಒಬ್ಬ ತಾಯಿ ತನ್ನ ಮಗನನ್ನೇ ಅಲ್ಲಿಂದ ಎಬ್ಬಿಸಲು ಬಂದು, ಅವನು ಏಳದಿದ್ದಾಗ, ಪಕ್ಕದಲ್ಲೇ ಕೂತು ಅತ್ತಳು. ಮೂರನೆಯ ದಿನ ಅಮರಯ್ಯ ಬಂದ. ಆ ಕೋಣೆಯ ಕೀಲಿಕೈಯನ್ನು ಹುಲಿಗೆಮ್ಮನ ಅಂಗೈಯಲ್ಲಿಟ್ಟು ಹೋದ. ಅಂದಿನಿಂದ ಹಗೇವಿನಲ್ಲಿ ಯಾರೂ ಕಂಬಳಿ ಬಿಚ್ಚಿಲ್ಲ. ಕೆಳಗಿನ ಓಣಿಯ ಗೋಡೆಗಳು ಈಗಲೂ ಬಿಸಿಯೇ, ಆದರೆ ಮುಟ್ಟಬಹುದು. ಕ್ವಾರಿಯ ಕೊಳವೆ ಅರ್ಧ ದಾರಿ ತಲುಪಿದೆ.

ಮುಂದಿನ ವರ್ಷದಿಂದ ಇಂಜಿನಿಯರಿಂಗ್ ಓದುವವರಿಗೆ ಭೌತಶಾಸ್ತ್ರ ಇರುವುದಿಲ್ಲ. ಇದು ಯಾರ ಸೇಡೂ ಅಲ್ಲ. ಬಹಳ ಹಿಂದೆಯೇ ಆಗಬೇಕಿದ್ದ ತೀರ್ಮಾನ, ಕಡತ ಈಗ ತಲುಪಿತು. ಹುಲಿಗೆಮ್ಮ ಈ ಸಲ ಪಾಸಾದಳು, ಅಂಚಿನ ಅಂಕ. ಅಮರಯ್ಯನ ಕಚೇರಿಯಲ್ಲೇ ಅವಳಿಗೆ ಕೆಲಸವಿದೆ ಎಂದಿದ್ದಾನೆ, ಹೋಗುವುದೋ ಬಿಡುವುದೋ ಅವಳು ಇನ್ನೂ ನಿರ್ಧರಿಸಿಲ್ಲ. ನಾನು ಲೋಲಕವನ್ನೂ ಮಸೂರಗಳನ್ನೂ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದೇನೆ. ದುಃಖವಿದೆಯೇ ಎಂದರೆ, ದಣಿವೇ ಹೆಚ್ಚು. ನಿಮ್ಮಿಂದ ನನ್ನವರೆಗೆ ಎಷ್ಟು ತಲೆಮಾರಿನ ಮೇಷ್ಟರುಗಳು ಅದೇ ಹಲಗೆಯ ಮೇಲೆ ಅದೇ ಬಾಣ ಬರೆದಿರಬಹುದು. ಬಾಣ ಒಮ್ಮೆಯೂ ತಪ್ಪಿರಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆಯಿದೆ, ಎಚ್ಚರಿಕೆ ಕೊಡುವಷ್ಟು ಶಕ್ತಿ ನನಗಿಲ್ಲ. ನಿಮ್ಮ ಕಾಲೇಜಿನಲ್ಲಿಯೂ ಕಂಪ್ಯೂಟರ್ ಕೋಣೆಗಳಿಗೆ ಏಸಿ ಇರುತ್ತಿತ್ತೆಂದು ಓದಿದ್ದೇನೆ, ಅದರ ಪೆಟ್ಟಿಗೆಗಳು ಕಟ್ಟಡದ ಹಿಂಗೋಡೆಯ ಮೇಲೆ ಕೂತು ಬಿಸಿಗಾಳಿ ಬಿಡುತ್ತಿದ್ದವಂತೆ. ಶಾಖದ ಪಾಠ ಬಂದಾಗ ಒಂದು ದಿನ ಸೀಮೆಸುಣ್ಣ ಬಿಟ್ಟು ಮಕ್ಕಳನ್ನು ಆ ಹಿಂಗೋಡೆಯ ಬಳಿಗೆ ಕರೆದುಕೊಂಡು ಹೋಗಿ. ತರಗತಿ ಮುಗಿಯುವ ತನಕ ಆ ಗಾಳಿಯಲ್ಲಿ ನಿಲ್ಲಿಸಿ, ನೀವೂ ನಿಲ್ಲಿ. ಏನೂ ವಿವರಿಸಬೇಡಿ. ಅಲ್ಲಿ ಪಾತ್ರೆ ತೊಳೆಯುವವರೋ, ಕಾವಲಿನವರೋ, ಊಟದ ಡಬ್ಬಿ ಬಿಚ್ಚಿ ಕೂತವರೋ ಇದ್ದರೆ, ಅವರ ಹೆಸರು ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಿ.

ಇತಿ, ನಿಮಗಿಂತ ಬಹಳ ಚಿಕ್ಕವಳಾದ,
ಪಂಪಾವತಿ ಗಬ್ಬೂರ